ಹಳೆಯ ಜಾಯ್‌ಸ್ಟಿಕ್ ರಿಪೇರಿ: ನಂಬಿಕೆ ಏನು, ನಿಜ ಏನು

ರೋಣ, ನರಗುಂದ, ಗಜೇಂದ್ರಗಡದ ಕಡೆ ಇವತ್ತು ಮೂವತ್ತೈದು ದಾಟಿದವರನ್ನು ಕೇಳಿ ನೋಡಿ. ಅವರಲ್ಲಿ ಬಹಳ ಮಂದಿಗೆ ಕಾಂಟ್ರಾ, ಮಾರಿಯೊ, ಪ್ಯಾಕ್‌ಮ್ಯಾನ್ ಪರಿಚಯವಾದದ್ದು ಮನೆಯ ಟಿವಿಗೆ ಜೋಡಿಸಿದ ಪುಟ್ಟ ಪೆಟ್ಟಿಗೆಯಿಂದ. ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳು ದೂರದ ಶಹರದ ಮಾತು. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರವನ್ನು ಹೊರತಂದಿತು. ಅದರ ನಕಲುಗಳು 90ರ ದಶಕದಲ್ಲಿ ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳಲ್ಲಿ ಭಾರತದ ತುಂಬ ಮಾರಾಟವಾದವು. ಆ ಪೆಟ್ಟಿಗೆಗಳನ್ನು ಈಗ ಕೆಲವರು ಅಟ್ಟದಿಂದ ಇಳಿಸಿ ಮಕ್ಕಳಿಗೆ ತೋರಿಸುತ್ತಿದ್ದಾರೆ. ಇನ್ನು ಕೆಲವರು ಕಂಪ್ಯೂಟರಿನಲ್ಲಿ ಹಳೆಯ ಆಟ ಹಾಕಿಕೊಂಡು, ಅದಕ್ಕೆ ತಕ್ಕ ಜಾಯ್‌ಸ್ಟಿಕ್ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದಾರೆ. ಆದರೆ ಒಳ್ಳೆಯ ಸಾಮಾನು ಹಾಳಾಗುವುದು ವಯಸ್ಸಿನಿಂದ ಅಲ್ಲ, ತಪ್ಪು ರಿಪೇರಿಯಿಂದ ಎಂಬುದು ಈ ಕೆಲಸ ಬಲ್ಲವರೆಲ್ಲರ ಅನುಭವ.

‘ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ, ಒಳಗಿನ ಐಸಿ ಹೋಗಿದೆ’ ಎಂಬ ಮಾತನ್ನೇ ಮೊದಲು ನೋಡೋಣ. ಆ ಪೆಟ್ಟಿಗೆಯ ಜೊತೆ ಬರುತ್ತಿದ್ದ, ನಾವು ರಿಮೋಟ್ ಎಂದು ಕರೆಯುತ್ತಿದ್ದ ಕಂಟ್ರೋಲರನ್ನು ಬಿಚ್ಚಿದರೆ ಒಳಗೆ ಮೂರೇ ಸಂಗತಿ ಕಾಣುತ್ತವೆ: ಬಟನ್ನಿನ ಕೆಳಗೆ ರಬ್ಬರ್ ಹಾಳೆ, ಅದರ ಕೆಳಗೆ ಕಪ್ಪು ಗೆರೆಗಳಿರುವ ಬೋರ್ಡು, ಬೋರ್ಡಿನ ಮೇಲೆ ಡಾಂಬರು ತೊಟ್ಟಿಕ್ಕಿದಂತಿರುವ ಕಪ್ಪು ಗುಳ್ಳೆ. ಆ ಗುಳ್ಳೆಯೇ ಐಸಿ. ಎಂಟು ಬಟನ್‌ಗಳ ಸ್ಥಿತಿಯನ್ನು ಒಮ್ಮೆಗೇ ಹಿಡಿದುಕೊಂಡು, ಯಂತ್ರ ಕೇಳಿದಂತೆ ಒಂದೊಂದಾಗಿ ವೈರಿನಲ್ಲಿ ಕಳಿಸುವುದಷ್ಟೇ ಅದರ ಕೆಲಸ. ಅದು ಸುಮ್ಮಸುಮ್ಮನೆ ಕೆಡುವುದಿಲ್ಲ. ಯಾವ ಬಟನ್ನೂ ನಡೆಯದಿದ್ದರೆ ಮೊದಲು ವೈರಿನ ಮೇಲೆ ಅನುಮಾನ ಇರಲಿ. ಕಂಟ್ರೋಲರಿನೊಳಕ್ಕೆ ವೈರು ಹೊಗುವ ಜಾಗದಲ್ಲಿ ಅದು ಸಾವಿರಾರು ಸಲ ಮಡಚಿಕೊಂಡಿರುತ್ತದೆ. ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆ ತುಂಡಾಗಿರುತ್ತದೆ. ಮಲ್ಟಿಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ, ಪಿನ್‌ನಿಂದ ಬೋರ್ಡಿನವರೆಗೆ ಒಂದೊಂದೇ ಎಳೆಯನ್ನು, ವೈರನ್ನು ಅಲುಗಾಡಿಸುತ್ತ ನೋಡಿದರೆ ಗೊತ್ತಾಗುತ್ತದೆ. ತುಂಡಾದ ಭಾಗವನ್ನು ಕತ್ತರಿಸಿ ಮತ್ತೆ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು. ಒಂದೇ ಬಟನ್ ಕೈಕೊಟ್ಟಿದ್ದರೆ ತೊಂದರೆ ಇರುವುದು ಆ ಬಟನ್ನಿನ ರಬ್ಬರಿನಲ್ಲಿ ಅಥವಾ ಅದರ ಕೆಳಗಿನ ಕಾರ್ಬನ್ ಗೆರೆಯಲ್ಲಿ.

ಐಸಿಯೇ ನಿಜವಾಗಿ ಹೋಗಿದ್ದರೂ ದಾರಿ ಮುಚ್ಚಿಲ್ಲ. ಅಸಲಿ ಫ್ಯಾಮಿಕಾಮ್ ಕಂಟ್ರೋಲರಿನಲ್ಲಿದ್ದದ್ದು 4021 ಎಂಬ ಸಾಮಾನ್ಯ ಚಿಪ್. ಅದು ಇಂದಿಗೂ ತಯಾರಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಹುಡುಕಬೇಕಾದ ಸಾಮಾನು ಅದು, ದುಬಾರಿಯೂ ಅಲ್ಲ. ಗುಳ್ಳೆಗೆ ಹೋಗುವ ಗೆರೆಗಳನ್ನು ಕತ್ತರಿಸಿ, ಎಂಟು ಬಟನ್‌ಗೂ ಒಂದೊಂದು ರೆಸಿಸ್ಟರ್ ಇಟ್ಟು ಈ ಚಿಪ್ಪನ್ನು ಜೋಡಿಸಿದರೆ ಕಂಟ್ರೋಲರ್ ಮತ್ತೆ ನಡೆಯುತ್ತದೆ. ಒತ್ತಿ ಹಿಡಿದರೆ ಪಟಪಟನೆ ಮತ್ತೆ ಮತ್ತೆ ಒತ್ತಿದಂತೆ ಮಿಡಿಯುವ ಟರ್ಬೊ ಬಟನ್ ಮಾತ್ರ ಹೋಗುತ್ತದೆ, ಏಕೆಂದರೆ ಆ ಮಿಡಿತ ಹುಟ್ಟುತ್ತಿದ್ದದ್ದು ಗುಳ್ಳೆಯೊಳಗೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಎಣ್ಣೆ. ‘ಬಿಗಿಯಾಗಿದೆ, ನಾಲ್ಕು ಹನಿ ಬಿಡು’ ಎಂದು ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಬಿಡುತ್ತಾರೆ. ಸ್ವಲ್ಪ ತಿಳಿದವರು ಡಬ್ಲ್ಯೂಡಿ-40 ಹೊಡೆಯುತ್ತಾರೆ. 1953ರಲ್ಲಿ ಹುಟ್ಟಿದ ಡಬ್ಲ್ಯೂಡಿ-40 ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯಲು ಮಾಡಿದ್ದು. ಅದು ಒಣಗಿದ ಮೇಲೂ ಜಿಡ್ಡಿನ ಪೊರೆ ಉಳಿಯುತ್ತದೆ. ನರಗುಂದ, ರೋಣದ ಎರೆ ಮಣ್ಣಿನ ಧೂಳು ಎಷ್ಟು ನಯವಾದದ್ದು ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಕ್ಕೂ ಇಳಿಯುತ್ತದೆ. ಜಿಡ್ಡಿಗೆ ಅದು ಸೇರಿದರೆ ಕರೆಂಟು ದಾಟಬೇಕಾದ ಜಾಗದಲ್ಲಿ ಕೆಸರು ಕೂರುತ್ತದೆ. ಮೊದಲ ದಿನ ಚೆನ್ನಾಗಿ ನಡೆದದ್ದು ತಿಂಗಳೊಪ್ಪತ್ತಿನಲ್ಲಿ ಮೊದಲಿಗಿಂತ ಹೆಚ್ಚು ಕೆಡುತ್ತದೆ.

ಜಾಯ್‌ಸ್ಟಿಕ್ಕಿನಲ್ಲಿ ಎರಡು ಬಗೆಯ ಜಾಗಗಳಿವೆ. ಒಂದು, ಕೋಲು ತಿರುಗುವ ಕೀಲು; ಅಲ್ಲಿಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಸಿಲಿಕೋನ್ ಗ್ರೀಸನ್ನು ಉಗುರ ತುದಿಯಷ್ಟು ಹಚ್ಚಬಹುದು. ಇನ್ನೊಂದು, ಕರೆಂಟು ಕೂಡುವ ಸಂಪರ್ಕ. ಅಲ್ಲಿ ಯಾವ ಎಣ್ಣೆಯೂ ಬೇಡ. ಮೊಬೈಲ್ ರಿಪೇರಿಯವರು ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರ್ ಅದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅದರಲ್ಲಿ ನೀರಿದೆ, ಕೈ ಒಣಗದಿರಲೆಂದು ಹಾಕಿದ ಗ್ಲಿಸರಿನ್ ಇದೆ. ಆ ಗ್ಲಿಸರಿನ್ ಬೋರ್ಡಿನ ಮೇಲೇ ಉಳಿಯುತ್ತದೆ. ಐಪಿಎಯನ್ನೂ ಕಾರ್ಬನ್ ಗೆರೆಗಳ ಮೇಲೆ ಹತ್ತಿಯಿಂದ ಮೆಲ್ಲಗೆ ಸವರಬೇಕು, ಉಜ್ಜಿದರೆ ಗೆರೆಯೇ ಎದ್ದು ಬರುತ್ತದೆ.

ಉಪ್ಪುಕಾಗದದ ಮಾತೂ ಇಷ್ಟೇ ಮುಖ್ಯ. ನಾಣ್ಯ ಹಾಕಿ ಆಡುವ ಹಳೆಯ ಆರ್ಕೇಡ್ ಯಂತ್ರಗಳ ಜಾಯ್‌ಸ್ಟಿಕ್ಕಿನಲ್ಲಿ ಎರಡು ತೆಳ್ಳನೆಯ ಲೋಹದ ಪಟ್ಟಿಗಳು ಎದುರುಬದುರಾಗಿ ನಿಂತಿರುತ್ತವೆ. ಕೋಲು ವಾಲಿದಾಗ ತುದಿಗಳು ಮುಟ್ಟಿ ಸಂಪರ್ಕ ಕೂಡುತ್ತದೆ. ತುದಿಗಳು ಕಪ್ಪಾದರೆ ತಿಕ್ಕಿ ಹೊಳಪಿಸಬೇಕು ಎಂಬುದು ನಂಬಿಕೆ. ಆ ತುದಿಗಳಿಗೆ ಹಲವು ಕಡೆ ತೆಳುವಾದ ಲೇಪವಿರುತ್ತದೆ, ತಿಕ್ಕಿದರೆ ಅದು ಹೋಗಿ ಕೆಳಗಿನ ಲೋಹ ಬೇಗ ಕಪ್ಪಾಗುತ್ತದೆ. ಹಳೆಯ ಲಗ್ನಪತ್ರಿಕೆಯ ಹೊಳಪಿಲ್ಲದ ದಪ್ಪ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ ಐಪಿಎಯಲ್ಲಿ ಅದ್ದಿ, ಎರಡೂ ತುದಿಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಎಳೆಯಿರಿ. ಕಾಗದ ಕಪ್ಪಾಗಿ ಬರುವುದು ನಿಂತಾಗ ನಿಲ್ಲಿಸಿ. ಪಟ್ಟಿಗಳ ನಡುವಿನ ಅಂತರ ಹೆಚ್ಚಾಗಿದ್ದರೆ ಬುಡದಲ್ಲಿ ಕೂದಲೆಳೆಯಷ್ಟು ಬಾಗಿಸಿದರೆ ಸಾಕು.

ಪಟ್ಟಿ ಹಳೆಯ ಕಾಲದ್ದು, ಟಿಕ್ ಎಂದು ಸದ್ದು ಮಾಡುವ ಮೈಕ್ರೊಸ್ವಿಚ್ಚೇ ಉತ್ತಮ ಎನ್ನುವವರಿಗೆ ನನ್ನ ಒಪ್ಪಿಗೆ ಇಲ್ಲ. ಮೈಕ್ರೊಸ್ವಿಚ್ ಕೂಡ ಹೊಸದಲ್ಲ. 1932ರಲ್ಲಿ ಅಮೆರಿಕದ ಪೀಟರ್ ಮೆಕ್‌ಗಾಲ್ ರೂಪಿಸಿದ್ದು. ಅದು ಕೆಟ್ಟರೆ ಬಿಚ್ಚಿ ಸರಿಮಾಡುವುದು ಕಷ್ಟ, ಬದಲಿಸಬೇಕು. ಪಟ್ಟಿಯನ್ನು ವರ್ಷಗಟ್ಟಲೆ ಸರಿಮಾಡುತ್ತ ಹೋಗಬಹುದು, ಅದರ ಸ್ಪರ್ಶವೂ ಮೃದು. ಪಟ್ಟಿ ಇರುವ ಯಂತ್ರದಲ್ಲಿ ಪಟ್ಟಿಯೇ ಇರಲಿ. ಅಮೆರಿಕನ್ ಮಾದರಿಯ ಜಾಯ್‌ಸ್ಟಿಕ್ಕಿನ ಮೈಕ್ರೊಸ್ವಿಚ್ ಹೋದರೆ, ಅದೇ ಅಳತೆಯವು ಮೈಕ್ರೊವೇವ್ ಓವನ್ ಬಾಗಿಲಿಗೂ ಬಳಕೆಯಾಗುವುದರಿಂದ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಒತ್ತಲು ಬೇಕಾದ ಬಲ ಬೇರೆಬೇರೆ ಇರುತ್ತದೆ, ಕೈಯಲ್ಲಿ ಒತ್ತಿ ನೋಡಿ ಕೊಳ್ಳಿ. ಹಾಳಾದ ಓವನ್ ಬಿಚ್ಚಿ ತೆಗೆಯಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಜೀವ ತೆಗೆಯಬಲ್ಲದು.

ಎಂಟು ದಿಕ್ಕಿಗೆ ತಿರುಗುವ ಜಾಯ್‌ಸ್ಟಿಕ್ ಎಲ್ಲ ಆಟಕ್ಕೂ ಆಗುತ್ತದೆ ಎಂದು ನಂಬಿ ಹಣ ಕೊಟ್ಟವರು ಪ್ಯಾಕ್‌ಮ್ಯಾನ್ ಆಡುವಾಗ ಬೇಸರಪಡುತ್ತಾರೆ. 1980ರ ಆ ಆಟ, 1981ರ ಡಾಂಕಿ ಕಾಂಗ್, ಎರಡೂ ನಾಲ್ಕೇ ದಿಕ್ಕಿಗೆ ಮಾಡಿದವು. ಎಂಟು ದಿಕ್ಕಿನ ಕೋಲು ತಿರುವಿನಲ್ಲಿ ಮೂಲೆಗೆ ಸರಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ಯಾವುದನ್ನು ಕೇಳಬೇಕೆಂದು ಆಟಕ್ಕೆ ತಿಳಿಯದೆ ಪ್ಯಾಕ್‌ಮ್ಯಾನ್ ತಿರುವು ತಪ್ಪಿಸಿಕೊಳ್ಳುತ್ತಾನೆ. ತಪ್ಪು ಆಡುವವರದ್ದಲ್ಲ. ಕೋಲಿನ ಬುಡದಲ್ಲಿ ಅದರ ಚಲನೆಯನ್ನು ತಡೆಯುವ ಚೌಕಾಕಾರದ ಗೇಟ್ ಇರುತ್ತದೆ. ಅದನ್ನು 45 ಡಿಗ್ರಿ ತಿರುಗಿಸಿ ಕೂರಿಸಲು ಬರುವ ಜಾಯ್‌ಸ್ಟಿಕ್ ಕೊಂಡರೆ ನಾಲ್ಕು ಮೂಲೆಗಳು ನಾಲ್ಕು ದಿಕ್ಕಿಗೆ ಬರುತ್ತವೆ, ಓರೆ ದಾರಿ ಮುಚ್ಚುತ್ತದೆ. ಕಾಂಟ್ರಾ ಆಡುವ ದಿನ ಹಿಂದಕ್ಕೆ ತಿರುಗಿಸಿ, ಅಲ್ಲಿ ಓರೆಯಾಗಿ ಗುಂಡು ಹಾರಿಸದೆ ಗತಿಯಿಲ್ಲ.

ಜಾಯ್‌ಸ್ಟಿಕ್ಕನ್ನು ಯುಎಸ್‌ಬಿ ಮೂಲಕ ಜೋಡಿಸಿದರೆ ಆಟ ತಡವಾಗಿ ಸ್ಪಂದಿಸುತ್ತದೆ ಎಂಬ ದೂರಿನಲ್ಲಿ ಸ್ವಲ್ಪ ನಿಜವಿದೆ. ಕಡಿಮೆ ವೇಗದ ಯುಎಸ್‌ಬಿ ಸರ್ಕ್ಯೂಟ್ ಸಾಮಾನ್ಯವಾಗಿ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕೊಡುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯ ಹಳೆಯ ಟಿವಿಯ ಒಂದು ಚಿತ್ರಕ್ಕೆ ಹಿಡಿಯುವುದು 20 ಮಿಲಿಸೆಕೆಂಡು. ಹೊಸ ಎಲ್‌ಇಡಿ ಟಿವಿ ಚಿತ್ರವನ್ನು ತಿದ್ದಿ ತೀಡುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಿ, ಆಮೇಲೆ ಜಾಯ್‌ಸ್ಟಿಕ್ಕನ್ನು ದೂರಿ.

ಕೊನೆಯದು ಅಪಾಯದ ಸಂಗತಿ. 9 ಪಿನ್ನಿನ ಪ್ಲಗ್ ಹೊಂದಿದರೆ ಎಲ್ಲ ಜಾಯ್‌ಸ್ಟಿಕ್ ಒಂದೇ ಎಂಬ ನಂಬಿಕೆ ಯಂತ್ರವನ್ನೇ ಸುಡಬಲ್ಲದು. ಅಟಾರಿ ಎಂಬ ಹಳೆಯ ಗೇಮ್ ಯಂತ್ರದ ಮಾದರಿಯ ಜಾಯ್‌ಸ್ಟಿಕ್ಕಿನಲ್ಲಿ ಫೈರ್ ಬಟನ್ ಒತ್ತಿದರೆ 6 ಮತ್ತು 8ನೇ ಪಿನ್ ಕೂಡುತ್ತವೆ. ಫ್ಯಾಮಿಕಾಮ್ ನಕಲುಗಳ ಹಲವು ಮಾದರಿಗಳಲ್ಲಿ 6ನೇ ಪಿನ್ 5 ವೋಲ್ಟ್, 8ನೆಯದು ಗ್ರೌಂಡ್. ಒಂದು ಗುಂಡು ಹಾರಿಸಿದರೆ ನೇರ ಶಾರ್ಟ್! ಹೊಸ ಜಾಯ್‌ಸ್ಟಿಕ್ ಸಿಕ್ಕಿಸುವ ಮುನ್ನ ಯಂತ್ರದ ಪ್ರತಿ ಪಿನ್ನಿನ ವೋಲ್ಟೇಜ್ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ವೈರಿನ ಬಣ್ಣವನ್ನು ನಂಬಬೇಡಿ, ನಕಲು ತಯಾರಕರು ಕೈಗೆ ಸಿಕ್ಕ ಬಣ್ಣ ಹಾಕಿದ್ದಾರೆ. ಕತ್ತರಿಸುವ ಮೊದಲು ಫೋಟೊ ತೆಗೆದಿಡಿ, ಬಿಚ್ಚಿದ ಅಸಲಿ ಭಾಗಗಳನ್ನು ಡಬ್ಬಿಯಲ್ಲಿ ಹಾಕಿ ಹೆಸರು ಬರೆಯಿರಿ. ಹೊಸ ದೊಡ್ಡ ಬಟನ್ ಬೇಕೆಂದು ಹಳೆಯ ಕಂಟ್ರೋಲರಿನ ಮೈಗೆ ತೂತು ಕೊರೆಯಬೇಡಿ. ಬಡಿಗೇರರಿಂದ ಒಂದು ಹಲಗೆಯ ಪೆಟ್ಟಿಗೆ ಮಾಡಿಸಿ, 30 ಮಿಲಿಮೀಟರಿನ ತೂತುಗಳನ್ನು ಅದರಲ್ಲಿ ಹಾಕಿಸಿ.