ಗಾಳಿ ನಿಂತರೆ ಗ್ಯಾಸು ತುಂಬಿಸಬೇಡಿ

ಮೇ ತಿಂಗಳ ಮಧ್ಯಾಹ್ನ. ಅಕ್ಕಲಕೋಟೆಯಿಂದ ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಹೊರಟ ವ್ಯಾಪಾರಿಯ ಕಾರಿನಲ್ಲಿ ತಣ್ಣನೆ ಗಾಳಿ ಹಠಾತ್ತನೆ ನಿಂತುಹೋಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲು. ‘ಎ.ಸಿ. ಹೋತು ನೋಡ್ರಿ, ಗ್ಯಾಸ್ ಖಾಲಿ ಆಗೇತಿ’ ಎಂಬ ತೀರ್ಪು ಅಲ್ಲೇ ಆಗಿಬಿಡುತ್ತದೆ. ಅತ್ತ ದಕ್ಷಿಣದ ತುದಿಯಲ್ಲಿ, ಡಿಸೆಂಬರಿನ ಬೆಳಗಿನ ಮಂಜಿನಲ್ಲಿ ತಾಳವಾಡಿಯ ರೈತನೊಬ್ಬ ಸತ್ಯಮಂಗಲಕ್ಕೆ ಇಳಿಯುತ್ತಿರುತ್ತಾನೆ. ದಿಂಬಂ ಘಾಟಿನ 27 ಹೇರ್‌ಪಿನ್ ತಿರುವುಗಳ ನಡುವೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ. ಗುಂಡಿ ತಿರುಗಿಸಿದರೆ ಸದ್ದಿಲ್ಲ, ಗಾಳಿಯಿಲ್ಲ. ‘ಹೀಟರೇ ಕೆಲಸ ಮಾಡ್ತಿಲ್ಲ ಕಣಣ್ಣ’ ಎಂದು ಪಕ್ಕದಲ್ಲಿ ಕುಳಿತವನಿಗೆ ಹೇಳುತ್ತ ಒಂದು ಕೈಯಲ್ಲಿ ಗಾಜು ಒರೆಸಿಕೊಂಡು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇಳಿಯಬೇಕು.

ಒಬ್ಬನದು ಬಿಸಿಲಿನ ತಾಪತ್ರಯ, ಇನ್ನೊಬ್ಬನದು ಚಳಿಯದು. ಕೆಟ್ಟಿರುವುದು ಮಾತ್ರ ಒಂದೇ ವಸ್ತು: ಡ್ಯಾಶ್‌ಬೋರ್ಡಿನ ಒಳಗಿರುವ ಫ್ಯಾನು. ಗ್ಯಾರೇಜಿನ ಭಾಷೆಯಲ್ಲಿ ಬ್ಲೋವರ್.

ಬಿಸಿಗೂ ಅದೇ, ತಂಪಿಗೂ ಅದೇ

ಎ.ಸಿ.ಯಲ್ಲಿ ಇಂಜಿನ್ನಿನ ಬೆಲ್ಟಿಗೆ ಸಿಕ್ಕಿಸಿದ ಕಂಪ್ರೆಸರು ಗ್ಯಾಸನ್ನು ಒತ್ತಿ, ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲನ್ನು ತಣ್ಣಗಿಡುತ್ತದೆ. ಹೀಟರಿನಲ್ಲಿ ಇಂಜಿನ್ನಿನ ಬಿಸಿನೀರೇ ಒಂದು ಪುಟ್ಟ ರೇಡಿಯೇಟರಿನೊಳಗೆ ಹರಿಯುತ್ತದೆ. ಎರಡರ ಮೇಲೂ ಹಾಯ್ದು ಬರುವ ಗಾಳಿಯನ್ನು ಊದುವುದು ಆ ಒಂದೇ ಫ್ಯಾನು. ಮೊದಲು ಹೀಗಿರಲಿಲ್ಲ. ಕಾರಿಗೆ ಎ.ಸಿ. ಕೂರಿಸಿದ ಮೊದಲಿಗರಾದ ಅಮೆರಿಕದ ಪ್ಯಾಕಾರ್ಡ್ ಕಂಪನಿಯವರು 1940ರ ಮಾದರಿಯಲ್ಲಿ ಅದನ್ನು ಹಿಂದಿನ ಡಿಕ್ಕಿಯಲ್ಲಿ ಇಟ್ಟಿದ್ದರು. ಬಿಸಿ ಮತ್ತು ತಂಪು ಎರಡನ್ನೂ ಒಂದೇ ವ್ಯವಸ್ಥೆಯಾಗಿ ಮುಂಭಾಗಕ್ಕೆ ತಂದದ್ದು 1954ರಲ್ಲಿ ನ್ಯಾಶ್ ಕಂಪನಿ. ಇಂದು ನಮ್ಮ ರಸ್ತೆಯ ಕಾರುಗಳೆಲ್ಲ ಅದೇ ದಾರಿಯವು.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಾಳಿ ಬರ್ತಾ ಇದೆಯೋ ಇಲ್ಲವೋ? ಗಾಳಿ ಜೋರಾಗಿ ಬರುತ್ತಿದೆ, ಆದರೆ ತಣ್ಣಗಿಲ್ಲ ಎಂದರೆ ಗ್ಯಾಸು, ಕಂಪ್ರೆಸರುಗಳ ವಿಚಾರ. ಗಾಳಿಯೇ ಬರುತ್ತಿಲ್ಲ ಎಂದರೆ ಗ್ಯಾಸಿನ ಮಾತೇ ಎತ್ತಬಾರದು. ಫ್ಯಾನು ನಿಂತ ಕಾರಿಗೆ ಗ್ಯಾಸು ತುಂಬಿಸಿದರೆ ದುಡ್ಡೂ ಹೋಯಿತು, ಗಾಳಿಯೂ ಬರಲಿಲ್ಲ. ಗ್ಯಾಸು ಪೆಟ್ರೋಲಿನ ಹಾಗೆ ಓಡಿದಷ್ಟು ಖರ್ಚಾಗುವ ಪದಾರ್ಥವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಸರಿಯಾಗಿದ್ದುದಕ್ಕೆ ಮೇಲಿಂದ ಮತ್ತಷ್ಟು ತುಂಬಿದರೆ ಒತ್ತಡ ಏರಿ ಕಂಪ್ರೆಸರಿಗೇ ಕುತ್ತು.

ಸ್ಪೀಡು ಹೇಳುವ ಗುಟ್ಟು

ಮನೆಯ ಸೀಲಿಂಗ್ ಫ್ಯಾನಿನ ಹಳೆಯ ಡಬ್ಬಿ ರೆಗ್ಯುಲೇಟರ್ ನೆನಪಿರಬಹುದು. ಒಂದರಲ್ಲಿಟ್ಟರೆ ಡಬ್ಬಿ ಬಿಸಿ, ಐದರಲ್ಲಿಟ್ಟರೆ ತಣ್ಣಗೆ. ಗುಂಡಿ ತಿರುಗಿಸುವ ಸಾಮಾನ್ಯ ಕಾರಿನಲ್ಲೂ ಅದೇ ತತ್ತ್ವ. ಕಡಿಮೆ ಸ್ಪೀಡುಗಳಲ್ಲಿ ಕರೆಂಟು ಒಂದು ರೆಸಿಸ್ಟರಿನ ತಂತಿ ಸುರುಳಿಗಳ ಮೂಲಕ ಹಾಯ್ದು ಸೊರಗಿ ಮೋಟಾರಿಗೆ ತಲುಪುತ್ತದೆ. ಕೊನೆಯ ಸ್ಪೀಡಿನಲ್ಲಿ ರೆಸಿಸ್ಟರನ್ನು ಬಿಟ್ಟು ನೇರವಾಗಿ ಹೋಗುತ್ತದೆ.

ಇಷ್ಟು ತಿಳಿದರೆ ಅರ್ಧ ರೋಗ ಪತ್ತೆಯಾದಂತೆ. ಒಂದು, ಎರಡು, ಮೂರರಲ್ಲಿ ಗಾಳಿಯಿಲ್ಲ, ನಾಲ್ಕಕ್ಕಿಟ್ಟರೆ ‘ಭರ್’ ಎಂದು ಬರುತ್ತದೆ ಎಂದರೆ ರೆಸಿಸ್ಟರು ಸುಟ್ಟಿದೆ, ಮೋಟಾರು ನೆಟ್ಟಗಿದೆ. ಇದಕ್ಕೆ ಮೋಟಾರು ಬದಲಿಸಲು ಹೇಳಿದವನ ಮಾತು ಕೇಳಬೇಡಿ. ಇದರ ಉಲ್ಟಾ, ಅಂದರೆ ಕೆಳಗಿನ ಸ್ಪೀಡುಗಳೆಲ್ಲ ಸರಿ, ಕೊನೆಯದೊಂದೇ ಇಲ್ಲ ಎಂದರೆ ಆ ಸ್ಪೀಡಿನ ರಿಲೇ ಅಥವಾ ಸ್ವಿಚ್ಚನ್ನು ನೋಡಬೇಕು. ಯಾವುದರಲ್ಲೂ ಇಲ್ಲ ಎಂದರೆ ಫ್ಯೂಸಿನಿಂದ ಶುರು. ಇಷ್ಟು ಡಿಗ್ರಿ ಇರಲಿ ಎಂದು ಒತ್ತಿ ಇಡುವ ಆಟೋಮ್ಯಾಟಿಕ್ ಕಾರುಗಳಲ್ಲಿ ಈ ಸುರುಳಿ ಇರುವುದಿಲ್ಲ, ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ಈ ಲೆಕ್ಕ ನಡೆಯದು.

ಫ್ಯೂಸಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಬ್ಲೋವರಿನದು ಎಂದು ಬರೆದಿರುತ್ತದೆ. ಬಣ್ಣವೂ ಗುರುತು: 15 ಆಂಪಿಯರಿಗೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಹೊಸದು ಹಾಕಿದೊಡನೆ ಮತ್ತೆ ಹೋದರೆ ಮೂರನೆಯದು ಹಾಕಬೇಡಿ, 20ರ ಜಾಗಕ್ಕೆ 30ರದಂತೂ ಬೇಡವೇ ಬೇಡ. ಬೋರ್‌ವೆಲ್ ಪಂಪು ಮರಳಿಗೆ ಸಿಕ್ಕಿ ಜಾಮ್ ಆದಾಗ ಆಂಪ್ಸ್ ಏರಿ ಸ್ಟಾರ್ಟರು ಟ್ರಿಪ್ ಆಗುತ್ತದಲ್ಲ, ಇದೂ ಅದೇ. ಟ್ರಿಪ್ ಆಗುವುದನ್ನು ತಪ್ಪಿಸಿದರೆ ಪಂಪಿನಲ್ಲಿ ವೈಂಡಿಂಗ್ ಸುಡುತ್ತದೆ, ಕಾರಿನಲ್ಲಿ ವೈರೇ ಹೊತ್ತಿಕೊಳ್ಳುತ್ತದೆ.

ಫ್ಯೂಸು ಸರಿಯಿದ್ದರೆ ಮೋಟಾರಿನ ಬಳಿಗೆ ಹೋಗಬೇಕು. ಬಹುತೇಕ ಕಾರುಗಳಲ್ಲಿ ಅದು ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ ಸಿಗುತ್ತದೆ. ಅಲ್ಲಿ ಹಳದಿ ಕವಚದ ವೈರು ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಸ್ವಿಚ್ಚನ್ನು ಕೊನೆಯ ಸ್ಪೀಡಿಗಿಟ್ಟು ಮೋಟಾರಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಎರಡು ತಟ್ಟಿ. ಫ್ಯಾನು ತಿರುಗತೊಡಗಿದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿದೆ ಎಂದು ತಿಳಿಯಿರಿ. ತಟ್ಟಿ ತಟ್ಟಿ ಒಂದು ವಾರ ಓಡಿಸಬಹುದು, ಘಾಟಿ ರಸ್ತೆಗೆ ಮಾತ್ರ ಅದನ್ನು ನಂಬಬೇಡಿ.

ತಟ್ಟಿದರೂ ತಿರುಗದಿದ್ದರೆ ಮೋಟಾರಿನ ಪ್ಲಗ್ ಕಳಚಿ, ಅದರ ಎರಡು ಪಿನ್ನುಗಳಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ಬಲ್ಬು ಪ್ರಕಾಶವಾಗಿ ಉರಿದರೆ ಕರೆಂಟು ಬರುತ್ತಿದೆ, ಮೋಟಾರು ಸತ್ತಿದೆ. ಉರಿಯದಿದ್ದರೆ ಒಂದು ತುದಿಯನ್ನು ಕಾರಿನ ಬಾಡಿಗೆ ಹಿಡಿದು ಇನ್ನೊಂದರಿಂದ ಎರಡೂ ಪಿನ್ನು ಮುಟ್ಟಿ ನೋಡಿ. ಈಗ ಉರಿದರೆ ಅರ್ಥಿನ ದಾರಿ ಕಡಿದಿದೆ. ಕೆಲವು ಕಾರುಗಳಲ್ಲಿ ಸ್ವಿಚ್ಚು, ರೆಸಿಸ್ಟರು ಎರಡೂ ಅರ್ಥಿನ ಕಡೆಯೇ ಇರುತ್ತವೆ, ಅಲ್ಲಿ ಹುಡುಕಬೇಕು. ಈಗಲೂ ಉರಿಯದಿದ್ದರೆ ಫ್ಯೂಸಿನಿಂದ ಇಲ್ಲಿಯತನಕ ರಿಲೇ, ವೈರು ನೋಡುತ್ತ ಬರಬೇಕು. ಟೆಸ್ಟ್ ಲ್ಯಾಂಪಿಗೆ ಇಂಡಿಕೇಟರಿನ 21 ವ್ಯಾಟಿನ ಹಳೇ ಬಲ್ಬು, ಎರಡು ತುಂಡು ವೈರು ಸಾಕು. ಮೀಟರಿಗಿಂತ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಸುಟ್ಟು ಕರಕಲಾದ ಕನೆಕ್ಟರಿನ ಮೂಲಕವೂ ಮೀಟರು ಸರಿಯಾಗಿ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬಿನ ಲೋಡು ಬಿದ್ದಾಗಲೇ ಅದರ ಬಣ್ಣ ಬಯಲು. ಹೊಲದಲ್ಲಿ ವೋಲ್ಟೇಜ್ ತೋರಿಸಿ ಮೋಟಾರು ಎತ್ತದ ಲೈನನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ತುಂಡು ತಂತಿಯ ಕಥೆ

ರೆಸಿಸ್ಟರಿನ ಮೇಲೆ ಒಂದು ಚಿಕ್ಕ ಥರ್ಮಲ್ ಫ್ಯೂಸ್ ಇರುತ್ತದೆ. ಮಿತಿ ಮೀರಿ ಬಿಸಿಯಾದರೆ ಅದು ಕಡಿದುಕೊಳ್ಳುತ್ತದೆ. ಅದು ಹೋದಾಗ ಎರಡೂ ತುದಿಗೆ ಒಂದು ತುಂಡು ತಾಮ್ರದ ತಂತಿ ಬೆಸೆದು ‘ಆಯ್ತು ಹೋಗ್ರಿ, ಹೊಸಾದು ಯಾಕ’ ಎನ್ನುವ ಜಾಣರು ಗಡಿಯ ಎರಡೂ ಕಡೆ ಸಿಗುತ್ತಾರೆ. ಗಿರಾಕಿಗೂ ಖುಷಿ, ಕೆಲವು ನೂರು ರೂಪಾಯಿ ಉಳಿಯಿತು.

ಈ ಉಳಿತಾಯ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಬ್ರಿಟನ್ ನೋಡಿದೆ. ಅಲ್ಲಿ ವಾಕ್ಸ್‌ಹಾಲ್ ಕಂಪನಿಯ ಝಫೀರಾ ಬಿ ಎಂಬ ಕುಟುಂಬದ ಕಾರುಗಳು ಒಂದೊಂದಾಗಿ ಡ್ಯಾಶ್‌ಬೋರ್ಡಿನಿಂದ ಬೆಂಕಿ ಹೊತ್ತಿ ಉರಿದವು, ಕೆಲವಂತೂ ಮಕ್ಕಳು ಮರಿ ಕುಳಿತು ಹೋಗುತ್ತಿರುವಾಗಲೇ. ಬೆಂಕಿಯ ಮೂಲ ಹುಡುಕಿದರೆ ಸಿಕ್ಕಿದ್ದು ಹೀಟರ್ ಫ್ಯಾನಿನ ರೆಸಿಸ್ಟರು. ಥರ್ಮಲ್ ಫ್ಯೂಸನ್ನು ಯಾರೋ ತಪ್ಪಾಗಿ ರಿಪೇರಿ ಮಾಡಿದ್ದೇ ಕಾರಣ ಎಂದಿತು ಕಂಪನಿ. 2015ರ ಕೊನೆಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ವಾಪಸು ಕರೆಸಿತು. ಅದಾದ ಮೇಲೂ ಬೆಂಕಿ ನಿಲ್ಲಲಿಲ್ಲ. 2016ರಲ್ಲಿ ಎರಡನೆಯ ಬಾರಿ ಕರೆಸಿ ರೆಸಿಸ್ಟರಿನ ಜೊತೆ ಮೋಟಾರನ್ನೂ ಬದಲಿಸಬೇಕಾಯಿತು. ಕಂಪನಿ ತಡ ಮಾಡಿತೆಂದು ಅಲ್ಲಿನ ಸಂಸತ್ತಿನ ಸಾರಿಗೆ ಸಮಿತಿ 2017ರಲ್ಲಿ ಛೀಮಾರಿ ಹಾಕಿತು.

ಮೋಟಾರನ್ನೂ ಯಾಕೆ ಬದಲಿಸಬೇಕು? ರೆಸಿಸ್ಟರು ಸುಮ್ಮಸುಮ್ಮನೆ ಸುಡುವುದಿಲ್ಲ. ಮೋಟಾರಿಗೆ ನೀರು ತಾಗಿ, ತುಕ್ಕು ಹಿಡಿದು, ತಿರುಗಲು ತಿಣುಕಿದಾಗ ಕರೆಂಟು ಹೆಚ್ಚು ಎಳೆಯುತ್ತದೆ. ರೆಸಿಸ್ಟರನ್ನು ಇಟ್ಟಿರುವುದು ಫ್ಯಾನಿನ ಗಾಳಿಯಲ್ಲೇ, ಅದು ತಣ್ಣಗಿರಲೆಂದು. ಗಾಳಿ ಕಟ್ಟಿದರೆ ಅದಕ್ಕೂ ಸೆಕೆ. ಹೊಸ ರೆಸಿಸ್ಟರು ಹಾಕಿಸಿದ ಆರು ತಿಂಗಳೊಳಗೆ ಮತ್ತೆ ಹೋಯಿತೆಂದರೆ ಮೋಟಾರನ್ನು ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿ. ಹಗುರವಾಗಿ ತಿರುಗಬೇಕು. ಜೊತೆಗೆ ರೆಸಿಸ್ಟರಿನ ಪ್ಲಗ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಲು ಹೇಳಿ. ಸಡಿಲ ಪ್ಲಗ್ಗಿಗೆ ಹೊಸ ರೆಸಿಸ್ಟರು ಸಿಕ್ಕಿಸುವುದು ಒಡೆದ ಪೈಪಿಗೆ ಹೊಸ ನಲ್ಲಿ ಹಾಕಿದಂತೆ.

ಎಲೆ, ಹತ್ತಿ ಮತ್ತು ಇಲಿ

ನಮ್ಮ ಕಡೆಯ ಕಾರುಗಳಿಗೆ ಬರುವ ರೋಗಗಳು ನಗರದ ಕಾರುಗಳಿಗಿಂತ ಬೇರೆ. ಬೇವಿನ ಮರದ, ಹುಣಸೆ ಮರದ ನೆರಳಿನಲ್ಲಿ ಕಾರು ನಿಲ್ಲಿಸುತ್ತೇವೆ. ಎಲೆ ಉದುರಿ ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ಸೇರುತ್ತದೆ. ಫ್ಯಾನಿಗೆ ಹೊರಗಿನ ಗಾಳಿ ಹೋಗುವ ಬಾಯಿ ಅದೇ. ಮಳೆನೀರು ಹೊರಹೋಗುವ ತೂತು ಅಲ್ಲಿ ಕಟ್ಟಿದರೆ ನೀರು ಒಳಗೆ, ಮೋಟಾರಿನ ತಲೆಯ ಮೇಲೆ. ಎಡಗಡೆಯ ಕಾರ್ಪೆಟ್ ಹಸಿಯಾಗಿದ್ದರೆ ಮೊದಲು ಇದನ್ನು ನೋಡಿ, ಬಳಿಕ ಎ.ಸಿ.ಯ ನೀರು ಹನಿಯುವ ಪೈಪು ಕಟ್ಟಿದೆಯೇ ನೋಡಿ.

ಆದೋನಿಯ ಹತ್ತಿ ವ್ಯಾಪಾರಿಗಳಿಗೆ ಇನ್ನೊಂದು ಮಾತು. ಅರಳೆಯ ಎಳೆ, ಜೋಳದ ದೂಳು ಕ್ಯಾಬಿನ್ ಫಿಲ್ಟರಿನಲ್ಲಿ ಕಂಬಳಿಯಂತೆ ಕೂರುತ್ತದೆ. ಫ್ಯಾನಿನ ಸದ್ದು ಜೋರು, ಗಾಳಿ ಮಾತ್ರ ಇಷ್ಟೇ ಇಷ್ಟು ಎಂದರೆ ಫಿಲ್ಟರ್ ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಅದು ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ, ತೆಗೆಯಲು ಐದು ನಿಮಿಷ. ಶುರುವಿನಲ್ಲಿ ಚೆನ್ನಾಗಿದ್ದ ಗಾಳಿ ಅರ್ಧ ಗಂಟೆಯ ಓಟದ ಮೇಲೆ ಕ್ಷೀಣಿಸಿ, ಎ.ಸಿ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋದರೆ ಅದು ಫ್ಯಾನಿನ ದೋಷವಲ್ಲ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಆಗ ಎ.ಸಿ. ಮೆಕ್ಯಾನಿಕ್ಕಿಗೆ ತೋರಿಸುವುದೇ ಸರಿ.

ಇನ್ನು ಇಲಿ. ಮರಾಠಿಯಲ್ಲಿ ಉಂದೀರ, ತೆಲುಗಿನಲ್ಲಿ ಎಲುಕ, ತಮಿಳಿನಲ್ಲಿ ಎಲಿ. ಹೆಸರು ಏನೇ ಇರಲಿ, ಕಸುಬು ಒಂದೇ. ಕಣಜದ ಪಕ್ಕ ನಿಂತ ಕಾರಿನ ಬ್ಲೋವರ್ ಡಬ್ಬಿ ಅದಕ್ಕೆ ಬೆಚ್ಚನೆಯ ಬಾಣಂತಿ ಕೋಣೆ. ಶೇಂಗಾ ಸಿಪ್ಪೆ, ಗೋಣಿಯ ನಾರು, ಫಿಲ್ಟರಿನ ಚೂರು ತಂದು ಗೂಡು ಕಟ್ಟುತ್ತದೆ. ಬೆಳಿಗ್ಗೆ ಸ್ವಿಚ್ಚು ಹಾಕಿದರೆ ‘ಟಕ ಟಕ’ ಸದ್ದು, ಕೆಟ್ಟ ವಾಸನೆ, ಇಲ್ಲವೇ ಪೂರ್ತಿ ಮೌನ. ಗೂಡಿಗಿಂತ ವೈರು ಕಡಿದದ್ದೇ ದೊಡ್ಡ ನಷ್ಟ. ಕಾರು ನಿಲ್ಲಿಸುವಾಗ ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಶನ್ ಬಟನ್ ಒತ್ತಿಟ್ಟರೆ ಹೊರಗಿನ ಬಾಯಿಯ ಬಾಗಿಲು ಮುಚ್ಚಿರುತ್ತದೆ. ಆ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕೂರಿಸುವುದು ಇನ್ನೂ ಭದ್ರ. ತಂಬಾಕಿನ ಎಲೆ, ನುಸಿ ಗುಳಿಗೆ ಎಂದು ಏನೇನೋ ಇಡುವವರಿದ್ದಾರೆ. ಜಾಲರಿಯ ಮುಂದೆ ಅವ್ಯಾವುವೂ ಅಲ್ಲ.

ದಾರಿ ನಡುವೆ ನಿಂತರೆ

ಘಾಟಿಯಲ್ಲಿ ಗಾಜು ಮಸುಕಾಗಿ ಫ್ಯಾನು ಕೈಕೊಟ್ಟರೆ ಮೊದಲು ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಎರಡೂ ಬದಿಯ ಗಾಜು ಎರಡೆರಡು ಬೆರಳು ಇಳಿಸಿ. ರೀಸರ್ಕ್ಯುಲೇಶನ್ ಆಫ್ ಮಾಡಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೆ, ಕಾರು ಓಡುವಾಗ ಫ್ಯಾನಿಲ್ಲದೆಯೂ ಅಷ್ಟಿಷ್ಟು ಗಾಳಿ ತಾನಾಗಿ ನುಗ್ಗುತ್ತದೆ. ಒಣ ಬಟ್ಟೆಯಲ್ಲಿ ಒಳಗಾಜು ಒರೆಸಿ, ಅಂಗೈಯಲ್ಲಿ ಅಲ್ಲ. ಅಂಗೈಯ ಜಿಡ್ಡು ಎದುರಿನ ಲೈಟಿಗೆ ಇನ್ನಷ್ಟು ಮಸುಕು ಮಾಡುತ್ತದೆ. ಸೋಪಿನ ತೆಳು ಲೇಪ ಹಚ್ಚಿ ಒಣಗಿಸಿ ಒರೆಸಿದರೆ ಒಂದು ಪ್ರಯಾಣದ ಮಟ್ಟಿಗೆ ಮಂಜು ಹಿಡಿಯುವುದು ಕಡಿಮೆ.

ಬಿಡಿಭಾಗಕ್ಕೆ ತಾಳವಾಡಿಯವರು ಚಾಮರಾಜನಗರಕ್ಕೆ, ರಾಯದುರ್ಗದವರು ಬಳ್ಳಾರಿಗೆ, ಜತ್ತದವರು ವಿಜಯಪುರಕ್ಕೆ ಹೋಗುವುದು ರೂಢಿ. ಹೋಗುವಾಗ ಹಳೇ ಸಾಮಾನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಒಂದೇ ಮಾದರಿಯ ಕಾರಿಗೂ ವರ್ಷದಿಂದ ವರ್ಷಕ್ಕೆ ರೆಸಿಸ್ಟರಿನ ಪಿನ್ನುಗಳ ಜೋಡಣೆ ಬದಲಾಗಿರಬಹುದು. ಮೋಟಾರಾದರೆ ಅದು ತಿರುಗುವ ದಿಕ್ಕನ್ನೂ ಗುರುತು ಮಾಡಿಕೊಳ್ಳಿ. ಉಲ್ಟಾ ತಿರುಗಿದರೆ ಸದ್ದು ಬರುತ್ತದೆ, ಗಾಳಿ ಸರಿಯಾಗಿ ಬಾರದು.

ಲಾರಿ ಇಟ್ಟವರಿಗೂ ಈಗ ಇದು ಮನೆ ವಿಚಾರವೇ ಆಗಿದೆ. 2023ರ ಡಿಸೆಂಬರಿನ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ವರ್ಗದ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಹುಡುಕುವ ಕ್ರಮವೆಲ್ಲ ಕಾರಿನದೇ. ಆದರೆ ದೊಡ್ಡ ಲಾರಿಗಳದು ಸಾಮಾನ್ಯವಾಗಿ 24 ವೋಲ್ಟಿನ ಲೈನು. ಅಂಗಡಿಯವನು ‘ಇದೂ ನಡೀತದ ತಗೋರಿ’ ಎಂದು ಕಾರಿನ 12 ವೋಲ್ಟಿನ ಮೋಟಾರು ಕೊಟ್ಟರೆ ಸ್ವಲ್ಪ ಹೊತ್ತು ಭರ್ಜರಿ ಗಾಳಿ ಬೀಸಿ ಸುಟ್ಟುಹೋಗುತ್ತದೆ.