ಜಿಬಿ ನೋಡಿ ಮರುಳಾಗದಿರಿ

ಸವದತ್ತಿಯ ನವಿಲುತೀರ್ಥ ಅಣೆಕಟ್ಟು ಎಷ್ಟೇ ತುಂಬಿರಲಿ, ಕಾಲುವೆ ಕಿರಿದಾದರೆ ಹೊಲಕ್ಕೆ ನೀರು ಸಾಲದು. ಗ್ರಾಫಿಕ್ಸ್ ಕಾರ್ಡ್‌ ಕತೆಯೂ ಅಷ್ಟೇ. ಗೇಮಿಂಗ್, ವಿಡಿಯೊ ಎಡಿಟಿಂಗ್‌ಗೆಂದು ಹಳೆಯ ಕಾರ್ಡ್ ಹುಡುಕುವ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಗೆಳೆಯರೇ, ಇದನ್ನು ಗಮನಿಸಿ.

ಎನ್‌ವಿಡಿಯಾದ ಜಿಟಿ 730, ಜಿಟಿಎಕ್ಸ್ 750 ಟಿಐ ಎರಡೂ 2014ರವು. ಮೊದಲನೆಯದರಲ್ಲಿ 4 ಜಿಬಿ ಡಿಡಿಆರ್3 ಮೆಮೊರಿಯ ಮಾದರಿಗಳಿವೆ. ಎರಡನೆಯದರಲ್ಲಿ ಸಾಮಾನ್ಯವಾಗಿ 2 ಜಿಬಿ ಜಿಡಿಡಿಆರ್5. ನಾಲ್ಕೇ ದೊಡ್ಡದಲ್ಲವೇ? ಅಲ್ಲ! 64 ಬಿಟ್‌ನ 730ರಲ್ಲಿ ಸೆಕೆಂಡಿಗೆ ಹರಿಯುವ ದತ್ತಾಂಶ 14.4 ಜಿಬಿ. 128 ಬಿಟ್‌ನ 750 ಟಿಐನಲ್ಲಿ 86.4 ಜಿಬಿ, ಅಂದರೆ ಆರು ಪಟ್ಟು. ಕೋರ್‌ಗಳೂ 384ರ ಎದುರು 640. ಬೇಕಾಗುವ ವಿದ್ಯುತ್ 60 ವ್ಯಾಟ್ ಮಾತ್ರ.

ಹಣ ಕೊಡುವ ಮುನ್ನ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಮೆಮೊರಿಯ ಬಗೆ, ಬಿಟ್ ಎರಡನ್ನೂ ನೋಡಿಕೊಳ್ಳಿ. ಅಪ್ಪ-ಅವ್ವ ಕೊಟ್ಟ ದುಡ್ಡು ದಂಡವಾಗದಿರಲಿ.