ಎರಡು ಸೀಳುಗಳ ಹಿಂದೆ ಹತ್ತಾರು ಪಟ್ಟೆಗಳು ಮೂಡುವುದೇಕೆ?

ಒಂದೇ ಬಣ್ಣದ ಬೆಳಕು ಎರಡು ಕಿರಿದಾದ ಸೀಳುಗಳ ಮೂಲಕ ಹಾಯ್ದರೆ ಪರದೆಯ ಮೇಲೆ ಎರಡೇ ಗೆರೆಗಳಲ್ಲ, ಬೆಳಕು-ಕತ್ತಲೆಯ ಹತ್ತಾರು ಪಟ್ಟೆಗಳು ಮೂಡುತ್ತವೆ. ಪ್ರತಿ ಸೀಳಿನಿಂದಲೂ ಬೆಳಕು ಅಲೆಯಾಗಿ ಹೊಸದಾಗಿ ಹರಡುತ್ತದೆ. ಕೊಳಕ್ಕೆ ಎರಡು ಕಲ್ಲು ಒಟ್ಟಿಗೆ ಬಿದ್ದಾಗ ಉಂಗುರಗಳು ಹೆಣೆದುಕೊಳ್ಳುವ ಹಾಗೆ.

ಪರದೆಯ ಒಂದು ಬಿಂದುವಿಗೆ ಎರಡೂ ಸೀಳುಗಳಿಂದ ಇರುವ ದೂರ ಒಂದೇ ಆಗಿರಬೇಕಿಲ್ಲ. ಈ ವ್ಯತ್ಯಾಸ ಸೊನ್ನೆಯೋ ಒಂದು ಪೂರ್ಣ ತರಂಗದೂರವೋ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಅದರ ಇಮ್ಮಡಿಯೋ ಆದಾಗ ಉಬ್ಬಿಗೆ ಉಬ್ಬು ಕೂಡಿ ಪಟ್ಟೆ ಬೆಳಗುತ್ತದೆ. ಅರ್ಧ, ಒಂದೂವರೆ, ಎರಡೂವರೆ ತರಂಗದೂರವಾದರೆ ಉಬ್ಬಿನ ಮೇಲೆ ತಗ್ಗು ಬಿದ್ದು ಕತ್ತಲೆ. ಬೆಳಕಿಗೆ ಬೆಳಕು ಸೇರಿ ಕತ್ತಲಾಗುವುದು ವಿಚಿತ್ರವೇ ಸರಿ. ಆದರೆ ಶಕ್ತಿ ನಾಶವಾಗುವುದಿಲ್ಲ, ಬೆಳಗುವ ಪಟ್ಟೆಗಳ ಪಾಲಾಗುತ್ತದೆ.

650 ನ್ಯಾನೊಮೀಟರ್ ತರಂಗದೂರದ ಕೆಂಪು ಲೇಸರ್, 0.25 ಮಿಲಿಮೀಟರ್ ಅಂತರದ ಸೀಳುಗಳು, 1 ಮೀಟರ್ ದೂರದ ಪರದೆ ಇದ್ದರೆ ಪಟ್ಟೆಯಿಂದ ಪಟ್ಟೆಗೆ 2.6 ಮಿಲಿಮೀಟರ್. ನೀಲಿ ಬೆಳಕಿನಲ್ಲಿ ಅವು ಇನ್ನೂ ಒತ್ತಾಗುತ್ತವೆ. ಎರಡು ಬೇರೆ ಬೇರೆ ಬಲ್ಬುಗಳಿಂದ ಈ ಪಟ್ಟೆಗಳು ಕಾಣವು. ಅವುಗಳ ಅಲೆಗಳಿಗೆ ಪರಸ್ಪರ ತಾಳವಿಲ್ಲ.

ಇಂಥ ಪಟ್ಟೆಗಳ ಬಗ್ಗೆ ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್ 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ ಪ್ರಯೋಗದಲ್ಲಿ ಸೀಳುಗಳೇ ಇರಲಿಲ್ಲ. ಕಿಟಕಿಯ ಸೂಜಿರಂಧ್ರದಿಂದ ಬಂದ ಬಿಸಿಲಕೋಲನ್ನು ಅವನು ಕಿರಿದಾದ ರಟ್ಟಿನ ಚೂರಿನಿಂದ ಇಬ್ಭಾಗಿಸಿದ್ದ. ಒಂದು ಬದಿಯ ಬೆಳಕನ್ನು ತಡೆದೊಡನೆ ರಟ್ಟಿನ ನೆರಳಿನೊಳಗಿನ ಪಟ್ಟೆಗಳು ಮಾಯವಾದವು.